ಗೌರಿ ಒಪ್ಪಿದ ಮಂತ್ರ

ಹೋದ ಕಾರ್ತಿಕದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಹೋಗಿದ್ದೆ. ಮಾರನೆಯ ದಿನ ಉತ್ಥಾನ ದ್ವಾದಶಿ. ತುಳಸಿ ಹಬ್ಬಕ್ಕೆಂದು ನೆಲ್ಲಿಯ ಕೊಂಬೆಗಳನ್ನು ಕಾಯಿ ಸಮೇತ ಕಡಿದು ತಂದು, ಗೋಣಿಚೀಲದ ಮೇಲೆ ಹರಡಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ತುಳಸಿಯ ರಾಶಿ. ಅದಕ್ಕೆ ಬಾಯಿ ಹಾಕಲು ಬಂದ ಹಸುವೊಂದನ್ನು ಅವಳು ಆಗತಾನೆ ಅಟ್ಟಿದ್ದಳು. ನೆಲ್ಲಿ ಸೊಪ್ಪಿನ ಒಗರು, ತುಳಸಿಯ ಘಾಟು, ಹಸುವಿನ ಮೈವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

“ಏನಜ್ಜೀ, ಬರೀ ಮೂಸ್ತಾ ನಿಂತಿದ್ದೀಯ, ತಗೊಳ್ಳೋ ಯೋಚ್ನೆ ಅದೋ ಇಲ್ವೋ?” ಅಂದಳು.

“ತಗೊಳ್ತೀನಿ ಕಣಮ್ಮಾ, ಒಂದು ಗಳಿಗೆ ಇರು. ನಮ್ಮತ್ತೆ ಬಂದವ್ರೆ,” ಅಂದೆ.

ಅವಳು ನನ್ನ ಹಿಂದೆ ಮುಂದೆ ಬಗ್ಗಿ ನೋಡಿದಳು. ಇಷ್ಟು ನರೆತವಳಿಗೆ ಇನ್ನೂ ಅತ್ತೆ ಬೇರೆ ಉಳಿದಿದ್ದಾರಾ ಎಂದು ಅನುಮಾನ ಬಂದಿರಬೇಕು. ಅವಳಿಗೆ ವಿವರಿಸುತ್ತಾ ಕೂರಲು ಆಗುತ್ತದೆಯೇ? ಒಳ್ಳೆಯ ಕೊಂಬೆಯೊಂದನ್ನು ಆರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ದಾರಿಯುದ್ದಕ್ಕೂ ನಮ್ಮತ್ತೆ ನನ್ನ ಜೊತೆಗೇ ಬಂದರು.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಮಾಲೂರಿನ ಕಡೆಯ ಹುಡುಗಿ, ಕ್ಯಾಲನೂರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯೊಳಗೆ ಕಾಲಿಟ್ಟರೆ ರೇಷ್ಮೆ ಹುಳದ ತಟ್ಟೆಗಳು. ಗೋಡೆಯುದ್ದಕ್ಕೂ ಅವುಗಳದೇ ಸಾಮ್ರಾಜ್ಯ, ನಾವು ಮನುಷ್ಯರು ಸಂದಿಯಲ್ಲಿ ಮಲಗುವವರು. ವಿಮಾನದಿಂದ ಧುಮುಕುವ ಸಿಪಾಯಿಗಳಿಗೆ ಕೊಡೆ ಮಾಡಲು ನಮ್ಮ ಕಡೆಯ ರೇಷ್ಮೆಯೇ ಬೇಕಂತೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿತ್ತು. ಹುಳಗಳಿಗೆ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಸಾಂಬ್ರಾಣಿಯೂ ಆಗದು. ಅದಕ್ಕೇ ನಮ್ಮ ಮನೆಯಲ್ಲಿ ದೇವರು ಹಿತ್ತಲಿಗೆ ಹೋಗಿಬಿಟ್ಟಿದ್ದ. ಹಿತ್ತಲ ನಡುವೆ ತುಳಸಿ ಕಟ್ಟೆ, ಕಟ್ಟೆಯ ಪಕ್ಕದಲ್ಲೇ ಗೌರಿಯ ಗೂಟ.

ಗೌರಿ ನಮ್ಮ ಹಸು. ಬಿಳಿ ಮೈ, ಹಣೆಯ ಮೇಲೆ ಕಂದು ಮಚ್ಚೆ, ಮಹಾರಾಣಿಯ ಗತ್ತು.

ನಮ್ಮತ್ತೆ ನರಸಮ್ಮ ಮುಳಬಾಗಿಲಿನ ಆಚೆ, ಗಡಿಯ ಹತ್ತಿರ ಬೆಳೆದವರು. ಸಿಟ್ಟು ಬಂದರೆ ತೆಲುಗು, ಮುದ್ದು ಬಂದರೆ ಕನ್ನಡ, ದೇವರಿಗೆ ಮಾತ್ರ ಸಂಸ್ಕೃತ. ಸಂಸ್ಕೃತವೆಂದರೆ ಅವರಿಗೆ ಬರುತ್ತಿದ್ದದ್ದು ಒಂದೇ ಶ್ಲೋಕ, ತುಳಸಿಯದು. ಬೇರಿನಲ್ಲಿ ಎಲ್ಲ ತೀರ್ಥಗಳು, ನಡುವಿನಲ್ಲಿ ಎಲ್ಲ ದೇವತೆಗಳು, ತುದಿಯಲ್ಲಿ ಎಲ್ಲ ವೇದಗಳು ಇರುವ ತಾಯಿ, ನಿನಗೆ ನಮಸ್ಕಾರ ಎಂದು ಅದರ ಅರ್ಥ. ಬೆಳಗಿನ ಜಾವ ಸ್ನಾನ ಮುಗಿಸಿ, ಒದ್ದೆ ತಲೆಗೆ ಬಟ್ಟೆ ಸುತ್ತಿ, ತುಂಬಿದ ಚೊಂಬು ಹಿಡಿದು ಕಟ್ಟೆ ಸುತ್ತಲು ಶುರುಮಾಡಿದರೆ ಬೀದಿಯ ಆ ತುದಿಗೆ ಕೇಳುತ್ತಿತ್ತು. ಕಟ್ಟೆ ಸುತ್ತಿ ಮುಗಿದ ಮೇಲೆ ಗೌರಿಯ ಕೆಳಗೆ ಕೂತು, ಅದೇ ಮಂತ್ರ ಹೇಳುತ್ತಲೇ ಹಾಲು ಕರೆಯುತ್ತಿದ್ದರು.

ಅವರು ಹೇಳುವ ರೀತಿ ಮಾತ್ರ ಅವರದ್ದೇ. “ಯನ್ಮೂಲೇ ಸರ್ವತೀರ್ಥಾನಿ” ಎಂದು ಶುರುವಾಗುತ್ತದೆ, ಅಷ್ಟರಲ್ಲಿ ಕಣ್ಣು ಅಡಿಗೆಮನೆಯ ಕಡೆ. “ಸೀತಾ, ಒಲೆ ಉರೀತಾ ಅದೇನೇ, ನೋಡೇ!” ಎಂದು ನನಗೆ ಕೂಗಿ, ಮತ್ತೆ “ಯನ್ಮಧ್ಯೇ ಸರ್ವದೇವತಾಃ”, ಅಷ್ಟರಲ್ಲಿ ಕೋಳಿ ರಾಗಿಗೆ ಬಾಯಿ ಹಾಕಿರುತ್ತದೆ. “ಪೋವೇ ಅವತಲಿಕಿ!” ಎಂದು ತೆಲುಗಿನಲ್ಲಿ ಅದನ್ನು ಅಟ್ಟಿ, ದನಿ ಇಳಿಸದೆ “ಯದಗ್ರೇ ಸರ್ವವೇದಾಶ್ಚ”. ಎದುರುಮನೆಯವರು ಅವರ ಮೊದಲ ಸುತ್ತಿಗೆ ಏಳುತ್ತಿದ್ದರು, ಹಿಪ್ಪುನೇರಳೆ ಸೊಪ್ಪು ಕೀಳುವ ಹೆಂಗಸರು ಕೊನೆಯ ಸುತ್ತಿಗೆ ಹೊರಡುತ್ತಿದ್ದರು. ಊರಿನಲ್ಲಿ ಗಡಿಯಾರವಿದ್ದ ಮನೆ ಒಂದೋ ಎರಡೋ ಇದ್ದಿರಬಹುದು, ನಮ್ಮ ಬೀದಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಮಾವ ಮುನಿಶಾಮಪ್ಪನವರು ಅತ್ತೆಗೆ ತದ್ವಿರುದ್ಧ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ನನ್ನ ಹತ್ತಿರ ಅದೂ ಇಲ್ಲ. ಆಗಿನ ಪದ್ಧತಿಯೇ ಹಾಗೆ, ಹೊಸ ಸೊಸೆ ಮಾವನ ಎದುರು ನಿಲ್ಲಬಾರದು, ಅವರ ಕಿವಿಗೆ ಬೀಳುವಂತೆ ದನಿ ಎತ್ತಬಾರದು. ಅವರು ಕೆಮ್ಮಿಕೊಂಡು ಒಳಗೆ ಬಂದರೆ ನಾನು ಹಿಂದಿನ ಬಾಗಿಲಿಂದ ಹೊರಗೆ. ಊಟಕ್ಕೆ ಬಡಿಸಿದಾಗ ಸಾಕು ಎನ್ನಲು ಅವರು ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೇ ನಮ್ಮ ಸಂಭಾಷಣೆ. ನಮ್ಮೆಜಮಾನರು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದರು. ಶನಿವಾರ ಸಂಜೆ ಸೈಕಲ್ ಮೇಲೆ ಬಂದರೆ ಸೋಮವಾರ ಬೆಳಗ್ಗೆ ಹೊರಟುಬಿಡುವವರು.

ಆ ವರ್ಷ ಆಶ್ವಯುಜದಲ್ಲಿ ಗೌರಿಯ ಕರು ಸತ್ತುಹೋಯಿತು. ಕರುವಿಲ್ಲದಿದ್ದರೆ ನಾಟಿ ಹಸು ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲೇ ಬಿಗಿಹಿಡಿದುಕೊಳ್ಳುತ್ತದೆ. ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿ, ಹಸು ಅದನ್ನು ನೆಕ್ಕುತ್ತಿರುವಾಗ ಹಾಲು ಕರೆದುಕೊಳ್ಳುವುದು ಕೆಲವರ ರೂಢಿ. ಅತ್ತೆ ಅದಕ್ಕೆ ಒಪ್ಪಲಿಲ್ಲ. “ಹೆತ್ತವಳಿಗೆ ಮೋಸ ಮಾಡಿ ಹಾಲು ತಗೊಳ್ಳೋದಾದ್ರೆ ನಂಗೆ ಆ ಹಾಲೇ ಬ್ಯಾಡ,” ಎಂದುಬಿಟ್ಟರು. ಮಾರನೆಯ ದಿನ ಎಂದಿನಂತೆ ಮಂತ್ರ ಹೇಳಿಕೊಂಡು ಕಟ್ಟೆ ಸುತ್ತಿ, ಅವಳ ಕುತ್ತಿಗೆ ಸವರಿ, ಕೆಳಗೆ ಕೂತರು. ಗೌರಿ ಹಾಲು ಇಳಿಸಿದಳು. ಇಷ್ಟು ದಿನವೂ ಮಂತ್ರ ಕೇಳಿದ ಮೇಲೆಯೇ ಕರು ಬಿಡುತ್ತಿದ್ದದ್ದಲ್ಲವೇ, ಅವಳ ಪಾಲಿಗೆ ಮಂತ್ರವೆಂದರೆ ಕರು ಬಂದ ಹಾಗೆಯೇ ಆಗಿತ್ತೋ ಏನೋ. ಅದನ್ನು ನೋಡಿ ಅತ್ತೆಯ ಕಣ್ಣಲ್ಲಿ ನೀರು ಬಂತು, ಆದರೆ ಮಂತ್ರ ನಿಲ್ಲಲಿಲ್ಲ.

ಆ ಹಾಲು ನಮಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಗೋಡೆಯ ಆಚೆಗೆ. ಪಕ್ಕದ ಮನೆ ಚೌಡಮ್ಮನ ಸೊಸೆ ಹೆತ್ತು ಸ್ವಲ್ಪ ದಿನಕ್ಕೇ ಚಳಿಜ್ವರ ಹತ್ತಿ ಮಲಗಿದ್ದಳು, ಎದೆಯ ಹಾಲು ಬತ್ತಿತ್ತು. ಎಮ್ಮೆ ಹಾಲು ಕುಡಿಸಿದರೆ ಮಗು ಕಕ್ಕುತ್ತಿತ್ತು. ಬೀದಿಯಲ್ಲಿ ಕರೆಯುವ ಹಸು ಆಗ ಗೌರಿಯೊಂದೇ. ದಿನಾ ಬೆಳಗ್ಗೆ ಚೌಡಮ್ಮ ತಂಬಿಗೆ ಹಿಡಿದು ಬಂದು, ನೊರೆಹಾಲು ಒಯ್ದು, ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಮಗುವಿನ ಬಾಯಿಗೆ ಹನಿ ಹನಿಯಾಗಿ ಬಿಡುತ್ತಿದ್ದಳು.

ಹೀಗಿರುವಾಗ ದೇವರಾಯಸಮುದ್ರದಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ನಮ್ಮ ನಾದಿನಿ ರಾಜಮ್ಮನನ್ನು ಹೆರಿಗೆಗೆ ಕರೆದುಕೊಂಡು ಬರಬೇಕೆಂದು ಎಲ್ಲ ಸಿದ್ಧ ಮಾಡಿಕೊಂಡಿದ್ದೆವು, ಆದರೆ ಮಗು ಅವಸರ ಮಾಡಿಬಿಟ್ಟಿತ್ತು. ಗಂಡುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಬಾಣಂತನ ಮಾಡುವವರಿಲ್ಲ, ಅಮ್ಮ ಬರಬೇಕಂತೆ. ಅತ್ತೆ ಒಂದು ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ಕೈಯಲ್ಲಿ ಗಂಟು ಕಟ್ಟಿದರು.

ಆ ಸಂಜೆ ನನ್ನನ್ನು ತುಳಸಿ ಕಟ್ಟೆಯ ಮುಂದೆ ಕೂರಿಸಿಕೊಂಡು ಮಂತ್ರ ಹೇಳಿಕೊಟ್ಟರು. ಹೇಳಿಕೊಡುವಾಗ ಅವರ ನಾಲಿಗೆ ಎಷ್ಟು ಶುದ್ಧವಾಗಿತ್ತೆಂದರೆ ನಡುವೆ ಒಂದು ಕೋಳಿಯೂ ಬರಲಿಲ್ಲ, ಒಂದು ಒಲೆಯೂ ಉರಿಯಲಿಲ್ಲ.

“ಬಾಯಿಪಾಠ ಆಯ್ತಾ?”

“ಆಯ್ತು ಅತ್ತೆ.”

“ಒಂದು ದಿನಾನೂ ತಪ್ಪಿಸಬ್ಯಾಡ. ತುಳಸಮ್ಮ ಒಣಗಬಾರ್ದು, ಗೌರಿ ಬತ್ತಬಾರ್ದು, ಆ ಕೂಸಿನ ಹೊಟ್ಟೆ ಕಾಯಬಾರ್ದು. ದ್ವಾದಶಿ ಹೊತ್ತಿಗೆ ರಾಜೀನ ಮಗೂನ ಕರ್ಕೊಂಡು ಬಂದ್ಬಿಡ್ತೀನಿ.” ಆಮೇಲೆ ನನ್ನ ಗಲ್ಲ ಹಿಡಿದು, “ನೀನು ಮಾಡ್ತೀಯ ಕಣೇ,” ಅಂದರು. ಕನ್ನಡದಲ್ಲೇ ಅಂದರು. ಮಾರನೆಯ ದಿನ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಕೋಲಾರದ ಕಡೆ ಹೋದರು. ಪೆಟ್ರೋಲು ಕಾಣದ ಕಾಲ ಅದು, ಬಸ್ಸಿನ ಬೆನ್ನಿಗೆ ಒಲೆ ಕಟ್ಟಿರುತ್ತಿದ್ದರು.

ಮೊದಲ ದಿನ ಬೆಳಗ್ಗೆ ಸ್ನಾನ ಮಾಡಿ, ಚೊಂಬು ಹಿಡಿದು ಹಿತ್ತಲಿಗೆ ಬಂದೆ. ಬೇಲಿಯ ಪಕ್ಕದಲ್ಲಿ ಮಾವ ಹಗ್ಗ ಹೊಸೆಯುತ್ತಾ ಕೂತಿದ್ದರು. ತುಟಿ ಅಲುಗಿಸಿಕೊಂಡು, ತುಳಸಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಂತ್ರ ಹೇಳಿ ಸುತ್ತಿದೆ. ಗೌರಿಯ ಕೆಳಗೆ ಕೂತೆ. ಅವಳು ತಿರುಗಿ ನೋಡಿ, ಯಾರಿವಳು ಎನ್ನುವ ಹಾಗೆ ಉಸಿರು ಬಿಟ್ಟು, ಮುಖ ಆಚೆ ಮಾಡಿಕೊಂಡಳು. ಎಷ್ಟು ಎಳೆದರೂ ಚೊಂಬಿನ ತಳ ಮುಚ್ಚಲಿಲ್ಲ.

ಚೌಡಮ್ಮ ತಂಬಿಗೆ ಹಿಡಿದು ಬಂದು, ನೋಡಿ, ಏನೂ ಅನ್ನದೆ ಅಷ್ಟನ್ನೇ ಬಗ್ಗಿಸಿಕೊಂಡು ಹೋದಳು. ಅವಳು ಬೈದಿದ್ದರೆ ವಾಸಿಯಿತ್ತು.

ಎರಡನೆಯ ದಿನ ಅತ್ತೆಯ ಹಳೆಯ ಸೀರೆ ಉಟ್ಟುಕೊಂಡು ಬಂದೆ. ವಾಸನೆಗೆ ಮೋಸಹೋಗಲಿ ಎಂದು. ಗೌರಿ ಸೀರೆಯನ್ನು ಮೂಸಿ, ಸೆರಗಿನ ತುದಿ ಅಗಿದು, ಹಾಲನ್ನು ಮಾತ್ರ ಅಗಿದದ್ದಕ್ಕೆ ಸರಿಹೋಗುವಷ್ಟು ಕೊಟ್ಟಳು. ಗೋಡೆಯ ಆಚೆಯಿಂದ ಮಗು ಅಳುವುದು ಕೇಳಿಸುತ್ತಿತ್ತು. ಹಸಿದ ಮಗುವಿನ ಅಳು ಮೊದಲು ಜೋರಾಗಿರುತ್ತದೆ, ಆಮೇಲೆ ಸಣ್ಣಗಾಗುತ್ತದೆ. ಆ ಸಣ್ಣ ಅಳು ಕೇಳಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮರುದಿನ ಖಾಲಿ ಚೊಂಬು ಹಿಡಿದು ಕಟ್ಟೆಗೆ ಒರಗಿ ನಿಂತಿದ್ದೆ. ಕಣ್ಣು ತುಂಬಿತ್ತು. ಮಾವ ಎದ್ದು ಬಂದರು. ನಾನು ತುಳಸಿಯ ಮರೆಗೆ ಸರಿದೆ. ಅವರು ನನ್ನ ಕಡೆ ನೋಡಲಿಲ್ಲ, ಗೌರಿಯ ಬೆನ್ನು ತಟ್ಟುತ್ತಾ ಅವಳ ಹತ್ತಿರ ಮಾತಾಡಿದರು.

“ಏನೇ ಗೌರೀ, ಮಂತ್ರ ಕೇಳಿಸ್ತಾ ಇಲ್ಲಾಂತ ಮುನಿಸಾ? ನಿಂದೇನೂ ತಪ್ಪಿಲ್ಲ ಬಿಡು, ನಂಗೂ ಕೇಳಿಸ್ತಾ ಇಲ್ಲ. ಈ ಮನೇಲಿ ಗಟ್ಟಿಯಾಗಿ ಹೇಳ್ಬ್ಯಾಡಾಂತ ಯಾರಂದ್ರು? ನಾನಂತೂ ಅನ್ನಲಿಲ್ಲಪ್ಪ. ಆ ಕೂಸಿನ ಹೊಟ್ಟೆಗಿಂತ ದೊಡ್ಡ ಮರ್ಯಾದೆ ಯಾವುದದೆ?”

ಮಾವ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಉತ್ತರ ಕೊಡದಿದ್ದರೆ ಹೇಗೆ? ಕೊಡುವುದಾದರೂ ಯಾರಿಗೆ? ನಾನೂ ಗೌರಿಗೇ ಹೇಳಿದೆ. “ನಾಳೆಯಿಂದ ಗಟ್ಟಿಯಾಗಿ ಹೇಳ್ತೀನಿ ಗೌರೀ. ನಗಬಾರ್ದು ಅಷ್ಟೇ.”

“ಗೌರಿ ನಗಲ್ಲ,” ಎಂದು ಮಾವ ಗೌರಿಗೆ ಹೇಳಿ, ತೋಟದ ಕಡೆ ಹೊರಟುಹೋದರು. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಅವಳ ಮೂಲಕವೇ. ‘ಗೌರೀ, ಇವತ್ತು ಮುದ್ದೆಗೆ ಹುರಳಿಕಾಳು ಸಾರಾದ್ರೆ ಚೆನ್ನಾಗಿರ್ತದೆ ಅಲ್ವಾ?’ ‘ಗೌರೀ, ಹುರಳಿಕಾಳು ಮುಗಿದುಹೋಗಿದೆ, ಯಾರಾದರೂ ತಂದುಕೊಟ್ಟರೆ ಮಾಡಬಹುದು.’ ಪಾಪ, ಅವಳು ಮೆಲುಕು ಹಾಕುತ್ತಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮಾರನೆಯ ದಿನ ದನಿ ಎತ್ತಿದೆ. ಮೊದಲ ಸುತ್ತು ಕೀರಲು, ಎರಡನೆಯದು ಪರವಾಗಿಲ್ಲ, ಮೂರನೆಯದರಲ್ಲಿ ನನ್ನ ದನಿ ನನಗೇ ಇಷ್ಟವಾಯಿತು. ಗೌರಿ ಕಿವಿ ನಿಮಿರಿಸಿದಳು. ಹಾಲು ಮೊದಲಿಗಿಂತ ಹೆಚ್ಚು ಬಂತು, ಆದರೂ ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಮೇಲಕ್ಕೆ ಎಳೆದುಕೊಂಡುಬಿಟ್ಟಳು. ಮಗುವಿಗೆ ಬೆಳಗಿನ ಹೊತ್ತಿಗೆ ಸಾಕಾಗುತ್ತಿತ್ತು, ಸಂಜೆಗೆ ಮತ್ತೆ ಅದೇ ಅಳು. ಎಲ್ಲಿ ತಪ್ಪುತ್ತಿದ್ದೇನೆಂದು ತಿಳಿಯಲಿಲ್ಲ. ಅಕ್ಷರ ಅಕ್ಷರ ಬಿಡಿಸಿ, ಅತ್ತೆ ಹೇಳಿಕೊಟ್ಟಂತೆಯೇ ಹೇಳುತ್ತಿದ್ದೆ.

ಆ ಭಾನುವಾರ ನಮ್ಮೆಜಮಾನರು ತಾವು ನೋಡುವುದಾಗಿ ಮುಂದೆ ಬಂದರು. “ನಮ್ಮಮ್ಮನ ದನಿ ಇರೋದು ನನ್ನ ಗಂಟಲಲ್ಲಿ, ನಿನ್ನ ಗಂಟಲಲ್ಲಲ್ಲ,” ಎಂದು, ಪಂಚೆಯ ಮೇಲೆ ಅತ್ತೆಯ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಹೆಣ್ಣು ದನಿಯಲ್ಲಿ ಮಂತ್ರ ಶುರುಮಾಡಿದರು. ಮೀಸೆ ಮಾತ್ರ ಸೆರಗಿನೊಳಗೆ ಅಡಗಲಿಲ್ಲ. ಗೌರಿ ಸುತ್ತು ಮುಗಿಯುವವರೆಗೂ ಸಮಾಧಾನವಾಗಿ ನೋಡಿದಳು. ಮೇಷ್ಟರು ಕೆಳಗೆ ಕೂತು ಕೈ ಹಾಕಿದ್ದೇ ತಡ, ಚೊಂಬು ಒಂದು ಕಡೆ, ಮೇಷ್ಟರು ಒಂದು ಕಡೆ, ಸೀರೆ ಗೌರಿಯ ಕೊಂಬಿನ ಮೇಲೆ.

ನಾನು ನಕ್ಕೆ. ಬಾಯಿಗೆ ಸೆರಗು ಹಿಡಿದುಕೊಳ್ಳುವುದಕ್ಕೂ ಪುರುಸೊತ್ತಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಮನೆಗೆ ಬಂದ ಮೇಲೆ ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಹುಲ್ಲಿನ ಬಣವೆಯ ಹಿಂದಿನಿಂದ ಇನ್ನೊಂದು ನಗು ಕೇಳಿಸಿತು, ತುಕ್ಕು ಹಿಡಿದ ಬಾವಿ ಗಡಗಡೆಯಿಂದ ಬಂದ ಹಾಗಿತ್ತು. ಮಾವ ತೋಟಕ್ಕೆ ಹೋಗುತ್ತೇನೆಂದು ಹೊರಟು ದಿನಾ ನಿಲ್ಲುತ್ತಿದ್ದದ್ದು ಅಲ್ಲೇ ಎಂದು ನನಗೆ ಆಗ ಗೊತ್ತಾಯಿತು.

ಆಮೇಲಿನ ವಾರ ಚೌಡಮ್ಮನ ಸೊಸೆಗೆ ಜ್ವರ ಏರಿತು. ಕೋಲಾರದಿಂದ ಔಷಧಿ ತಂದಿದ್ದರು, ಚೌಡಮ್ಮ ಸೊಸೆಯನ್ನು ನೋಡಬೇಕೋ ಮಗುವನ್ನೋ ತಿಳಿಯದೆ ಒದ್ದಾಡುತ್ತಿದ್ದಳು. ಒಂದು ಬೆಳಗ್ಗೆ ಕೂಸನ್ನು ತಂದು ನಮ್ಮ ಹಿತ್ತಲ ಜಗಲಿಯ ಮೇಲೆ ಮೊರದಲ್ಲಿ ಮಲಗಿಸಿ, “ಅಮ್ಮಯ್ಯಾ, ನೀನೇ ನೋಡ್ಕೋ, ಕೈಲಾಗ್ತಾ ಇಲ್ಲ,” ಎಂದು ಓಡಿದಳು. ಕೂಸು ಕಿರುಚುತ್ತಿತ್ತು. ಒಲೆಯ ಮೇಲೆ ನೀರು ಉಕ್ಕುವ ಸದ್ದು. ಹುಳಗಳಿಗೆ ಸೊಪ್ಪು ಹಾಕುವ ಹೊತ್ತೂ ಮೀರುತ್ತಿತ್ತು. ನಾನು ಗೌರಿಯ ಕೆಳಗೆ ಕೂತು, ಬೆವರುತ್ತಾ, ಮಂತ್ರ ಹೇಳುತ್ತಿದ್ದೆ. ಅಷ್ಟರಲ್ಲಿ ಬೀದಿ ನಾಯಿಯೊಂದು ಬೇಲಿ ನುಸುಳಿ ಬಂದು ಮಗುವಿನ ಮೊರದ ಹತ್ತಿರ ಮೂತಿ ಹಾಕಿತು.

“ಯನ್ಮಧ್ಯೇ ಸರ್ವ... ಪೋವೇ ಅವತಲಿಕಿ!” ಎಂದು ಕೂಗಿಬಿಟ್ಟೆ. ನನಗೆ ಬಾರದ ತೆಲುಗು, ಅತ್ತೆಯ ಗಂಟಲಿನಿಂದ ಇಳಿದುಬಂದ ಹಾಗೆ ಬಂತು. ನಾಯಿ ಬಾಲ ಮುದುರಿ ಓಡಿತು. ನಾನು ಅದೇ ಉಸಿರಿನಲ್ಲಿ “ದೇವತಾಃ” ಎಂದು ಮುಗಿಸಿದೆ.

ಗೌರಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು. ಕೆಚ್ಚಲು ನನ್ನ ಕೈಯಲ್ಲೇ ಸಡಿಲವಾಯಿತು. ಆಮೇಲೆ ನೋಡಿ, ಚೊಂಬು ತುಂಬಿ ನೊರೆ ಅಂಚಿಗೆ ಬಂತು, ಇನ್ನೊಂದು ಪಾತ್ರೆಗೆ ಓಡಿದೆ, ಅದೂ ತುಂಬಿತು. ಅವಳಿಗೆ ಬೇಕಾಗಿದ್ದದ್ದು ಬರೀ ಶುದ್ಧ ಮಂತ್ರವಲ್ಲ. ಅವಳು ದಿನಾ ಕೇಳುತ್ತಾ ಬಂದದ್ದು ನಡುವೆ ಕೋಳಿ ಬೈದು, ಒಲೆ ವಿಚಾರಿಸಿ, ಬೀದಿಯನ್ನೆಲ್ಲ ಎಬ್ಬಿಸುವ ಮಂತ್ರ. ಬೈಗುಳ ಬಾರದ ಮಂತ್ರ ಅವಳಿಗೆ ಯಾರದೋ ಮನೆಯದು.

ಬಣವೆಯ ಹಿಂದಿನಿಂದ ಮಾವನ ದನಿ ಬಂತು. “ಗೌರೀ, ಈಗ ಸರಿಯಾಯ್ತು ನೋಡು!”

ಕೂಸು ಆವತ್ತು ಹೊಟ್ಟೆ ತುಂಬಾ ಕುಡಿದು, ಒಳಲೆ ಬಾಯಲ್ಲಿರುವಾಗಲೇ ನಿದ್ದೆ ಹೋಯಿತು. ನಾನು ಮೊರದ ಪಕ್ಕ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು ಅದು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ರಾಗಿ ತೆನೆ ಕಟ್ಟಿತ್ತು, ಅವರೆ ಹೂ ಬಿಟ್ಟಿತ್ತು, ಬೆಳಗ್ಗೆ ಬಾಯಿ ತೆರೆದರೆ ಮಂತ್ರದ ಜೊತೆ ಹಬೆ ಬರುತ್ತಿತ್ತು. ಎದುರುಮನೆಯವರು ಮತ್ತೆ ಹೊತ್ತಿಗೆ ಸರಿಯಾಗಿ ಏಳತೊಡಗಿದರು. ಒಂದೇ ತೊಂದರೆ. ದಿನಾ ಬೈಯಲು ಏನಾದರೂ ಸಿಗಬೇಕಲ್ಲ! ನನ್ನ ಕೋಳಿಗಳು ಒಳ್ಳೆಯವು, ನಾಯಿ ಆ ಕಡೆ ಮತ್ತೆ ತಲೆಹಾಕಲಿಲ್ಲ. ಒಂದು ದಿನ ಬೈಯುವುದಕ್ಕೆ ಏನೂ ಕಾಣದೆ ಮಂತ್ರ ಎಳೆಯುತ್ತಾ ಸುತ್ತುತ್ತಿದ್ದೆ, ಗೌರಿ ಬಿಗಿಯಾಗಿ ನಿಂತಿದ್ದಳು. ಇನ್ನೊಂದು ಸುತ್ತು ಬಂದು ನೋಡಿದರೆ ದಾರಿಗೆ ಅಡ್ಡಲಾಗಿ ಬಿಂದಿಗೆ. ಒಂದು ಗಳಿಗೆಯ ಹಿಂದೆ ಅದು ಅಲ್ಲಿರಲಿಲ್ಲ.

“ಯದಗ್ರೇ... ಯಾರದು ದಾರಿಗಡ್ಡ ಬಿಂದಿಗೆ ಇಟ್ಟಿರೋದು? ಕಂಡ್ಲು ಕನಪಡ್ಲೇದಾ? ಸರ್ವವೇದಾಶ್ಚ...”

ಕಣ್ಣು ಕಾಣಿಸಲ್ವಾ ಎಂದು ಬೈದದ್ದು ಅದು, ಅತ್ತೆಯ ಖಾಸಾ ಬೈಗುಳ. ಬಣವೆಯ ಹಿಂದೆ ಯಾರೋ ಕೆಮ್ಮಿದರು, ನಗು ಅಡಗಿಸಿಕೊಳ್ಳುವ ಕೆಮ್ಮು. ಆಮೇಲೆ ದಿನಕ್ಕೊಂದು ತಪ್ಪು ತಾನಾಗಿ ನಡೆಯತೊಡಗಿತು. ಒಂದು ದಿನ ಹಗ್ಗದ ಕಟ್ಟು, ಒಂದು ದಿನ ಸೊಪ್ಪಿನ ಬುಟ್ಟಿ, ಒಂದು ದಿನ ತುಳಸಿ ಕಟ್ಟೆಯ ಮೇಲೆಯೇ ಮಾವನ ರುಮಾಲು. ಅವರ ಎದುರು ಉಸಿರೆತ್ತಬಾರದ ನಾನು ದಿನಾ ಬೆಳಗ್ಗೆ ದೇವರ ಸಾಕ್ಷಿಯಾಗಿ ಅವರನ್ನು ಬೈಯುತ್ತಿದ್ದೆ. ಬೈಸಿಕೊಂಡು ಅವರು ದಿನೇ ದಿನೇ ಗೆಲುವಾಗುತ್ತಿದ್ದರು. ಅತ್ತೆಯ ದನಿ ಇಲ್ಲದೆ ಅವರಿಗೂ ಮನೆ ಬಿಕೋ ಎನ್ನುತ್ತಿತ್ತೆಂದು ಎಷ್ಟೋ ಕಾಲದ ಮೇಲೆ ನನಗೆ ಹೊಳೆಯಿತು.

ದ್ವಾದಶಿಯ ದಿನ ಬೆಳಗ್ಗೆ ನಾನು ಗೌರಿಯ ಕೆಳಗೆ ಕೂತು ಹಾಲು ಕರೆಯುತ್ತಿದ್ದೆ. ಆವತ್ತಿನ ತಪ್ಪು ಮಾವನ ಕೆರ, ಅದನ್ನು ಬೈದು ಮುಗಿಸಿ “ತುಲಸಿ ತ್ವಾಂ” ಎನ್ನುವ ಹೊತ್ತಿಗೆ ಗೌರಿ ತಲೆ ಎತ್ತಿ ಅಂಬಾ ಎಂದಳು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಗಂಟು ಹಿಡಿದ ಅತ್ತೆ, ಅವರ ಹಿಂದೆ ಮಗು ಎತ್ತಿಕೊಂಡ ರಾಜಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಕೈ ನಿಂತಿತು, ಬಾಯಿ ನಿಂತಿತು.

“ಏಯ್, ನಿಲ್ಲಿಸ್ಬ್ಯಾಡ ಕಣೇ! ಹಾಲು ಎಳ್ಕೊಂಡ್ಬಿಡ್ತಾಳೆ!” ಎಂದು ಅತ್ತೆ ಕೂಗಿದರು.

ಮುಗಿಸಿ ಎದ್ದು ಕಾಲಿಗೆ ಬಿದ್ದೆ. ಅತ್ತೆ ತುಂಬಿದ ಚೊಂಬು ನೋಡಿದರು, ಹಸುರಾಗಿ ಪೊದೆಗಟ್ಟಿದ್ದ ತುಳಸಿ ನೋಡಿದರು. ಗೋಡೆಯ ಮೇಲಿಂದ ಚೌಡಮ್ಮ ಎತ್ತಿ ತೋರಿಸಿದ ಕೂಸಿನ ದುಂಡು ಕೆನ್ನೆಯನ್ನೂ ನೋಡಿದರು. ಅದರ ತಾಯಿಯೂ ಎದ್ದು ಓಡಾಡುವಂತಾಗಿದ್ದಳು. ಎಲ್ಲ ನೋಡಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದರು. “ಎಲ್ಲಾ ಸರಿ. ಮಂತ್ರದ ಮಧ್ಯೆ ಬೈಯೋಕೆ ಯಾರು ಹೇಳ್ಕೊಟ್ರು ನಿಂಗೆ?”

“ನೀವೇ ಹಂಗೆ ಹೇಳ್ತಿದ್ರಲ್ಲ ಅತ್ತೆ...”

“ನಾನಾ? ದೇವರ ಮುಂದೆ ನಿಂತು ಯಾರಾದ್ರೂ ಬೈತಾರಾ? ಕೇಳಿದ್ಯೇನೇ ರಾಜೀ?”

ರಾಜಮ್ಮ ಮಗುವಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಬಣವೆಯ ಹಿಂದಿನ ಕೆಮ್ಮು ಆವತ್ತು ನಿಲ್ಲಲೇ ಇಲ್ಲ.

ಸಂಜೆ ತುಳಸಿ ಮದುವೆ. ಮಾವ ನೆಲ್ಲಿಯ ಕೊಂಬೆ ತಂದು ತುಳಸಿಯ ಪಕ್ಕ ನೆಟ್ಟರು, ನೆಲ್ಲಿಕಾಯಿ ಕೊರೆದು ಬತ್ತಿ ಇಟ್ಟು ದೀಪ ಹಚ್ಚಿದೆವು. ಬೀದಿಯೆಲ್ಲ ನಮ್ಮ ಹಿತ್ತಲಲ್ಲಿ, ಹೆಂಗಸರು ಒಂದು ಕಡೆ, ಗಂಡಸರು ಬೇಲಿಯ ಬದಿಗೆ. ಅತ್ತೆ ಆರತಿ ತಟ್ಟೆ ಕೈಗೆ ತೆಗೆದುಕೊಂಡವರು ಚೊಂಬನ್ನು ನನ್ನ ಕೈಗೆ ಕೊಟ್ಟರು. “ಈ ವರ್ಷ ನಮ್ಮ ಸೊಸೆ ಹೇಳ್ತಾಳೆ,” ಎಂದು ಎಲ್ಲರಿಗೂ ಕೇಳುವಂತೆ ಅಂದರು.

ಎಲ್ಲರೂ ಮಾತು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ನನ್ನ ದನಿ ಮತ್ತೆ ಮೊದಲ ದಿನದ್ದೇ ಆಯಿತು. “ಯನ್ಮೂಲೇ” ಎಂದೆ, ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ, ಪಿಸುಮಾತು. ಯಾರೋ ಹೆಂಗಸು “ಪಾಪ, ನಾಚ್ಕೋತಾಳೆ” ಎಂದಳು. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಆಗ ಗಂಡಸರ ನಡುವಿನಿಂದ ಮಾವ ಎರಡು ಹೆಜ್ಜೆ ಮುಂದೆ ಬಂದರು. ನೆಟ್ಟಗೆ ನನ್ನನ್ನೇ ನೋಡುತ್ತಾ, ಪೂಜೆಗೆಂದು ತುಂಬಿಟ್ಟಿದ್ದ ಹಿತ್ತಾಳೆಯ ಕೊಳದಪ್ಪಲೆಯನ್ನು ಕಾಲಿಂದ ಒದ್ದರು. ಅದು ಠಣಠಣ ಎಂದು ಉರುಳಿ, ನೀರೆಲ್ಲ ಚೆಲ್ಲಿ, ಚೌಡಮ್ಮನ ಕಾಲಿನವರೆಗೂ ಹರಿಯಿತು.

“ಮಾವಾ! ಕಂಡ್ಲು ಕನಪಡ್ಲೇದಾ?” ಎಂದು ಕೂಗಿಬಿಟ್ಟೆ.

ಹೊಸ ಸೊಸೆ, ಮಾವನ ಮುಖಕ್ಕೆ, ಇಡೀ ಬೀದಿಯ ಎದುರು! ಮಾವ ಕೈಕಟ್ಟಿ ನಿಂತು, ಗೌರಿಗಲ್ಲ, ನನಗೆ, ನನಗೇ ಉತ್ತರ ಕೊಟ್ಟರು.

“ಕನಪಡ್ಲೇದಮ್ಮಾ ಸೀತಮ್ಮಾ. ತಪ್ಪಾಯ್ತು. ನೀನು ಮುಂದಕ್ಕೆ ಹೇಳು.”

ಮೊದಲು ನಕ್ಕದ್ದು ಅತ್ತೆ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು, ಗೂಟದ ಹತ್ತಿರದಿಂದ ಗೌರಿಯೂ ಸೇರಿಕೊಂಡಳು. ಆ ನಗುವಿನ ಮೇಲೇರಿ ನನ್ನ ದನಿ ಹೊರಟಿತು, ಬೀದಿಯ ಆ ತುದಿಗೆ ಕೇಳಿಸಿತಂತೆ. ನಾನು ಆ ಮನೆಯ ಮಗಳಾದದ್ದು ಧಾರೆಯ ದಿನವಲ್ಲ, ಆ ಸಂಜೆ.

ಈಗ ನಾನಿರುವುದು ಕೋಲಾರದಿಂದ ಸ್ವಲ್ಪ ದೂರ, ಹೋಳೂರಿನಲ್ಲಿ, ಮಗನ ಮನೆಯಲ್ಲಿ. ಹಸುವಿಲ್ಲ, ಅಂಗಳದಲ್ಲಿ ತುಳಸಿ ಕಟ್ಟೆ ಇದೆ. ತಂದ ನೆಲ್ಲಿ ಕೊಂಬೆಯನ್ನು ಮಾರನೆಯ ಸಂಜೆ ಅದರಲ್ಲಿ ನೆಟ್ಟು, ಚೊಂಬು ಹಿಡಿದು ಶುರುಮಾಡಿದೆ. ನಮ್ಮ ಮನೆಯವರು ಒಳ್ಳೆಯವರು, ಅಜ್ಜಿ ಮಂತ್ರ ಹೇಳುತ್ತಾಳೆಂದರೆ ರೇಡಿಯೋ ಆರಿಸಿ, ಮಕ್ಕಳನ್ನು ಗದರಿಸಿ, ಸಾಲಾಗಿ ಕೈಮುಗಿದು ನಿಂತುಬಿಡುತ್ತಾರೆ. ಆ ನಿಶ್ಶಬ್ದದಲ್ಲಿ ನನ್ನ ದನಿ ಎರಡನೆಯ ಸುತ್ತಿಗೇ ಸಣ್ಣದಾಯಿತು. ವಯಸ್ಸಾಯಿತಲ್ಲ ಎಂದುಕೊಂಡೆ.

ನನ್ನ ಸೊಸೆ ಕೈಮುಗಿದುಕೊಂಡೇ ಇದ್ದಳು. ಈ ಕಥೆಯನ್ನು ನಾನು ಅವಳಿಗೆ ಯಾವಾಗಲೋ ಒಮ್ಮೆ ಅವರೆಕಾಯಿ ಬಿಡಿಸುತ್ತಾ ಹೇಳಿದ್ದೆ. ನೋಡುತ್ತಿದ್ದ ಹಾಗೆಯೇ ಅವಳು ಪಕ್ಕದಲ್ಲಿದ್ದ ನೀರಿನ ಬಕೆಟ್ಟನ್ನು ಕಾಲಿಂದ ಮೆಲ್ಲಗೆ ನನ್ನ ದಾರಿಗೆ ತಳ್ಳಿದಳು.